ಸೇವಕ ನಾಯಕ ಎಂದರೆ ಎಲ್ಲವನ್ನೂ ತಾನೇ ಮಾಡುವವನೇ?

ಪ್ರಶ್ನೆ: ನಮ್ಮ ಚರ್ಚ್ ಸಭೆಯಲ್ಲಿ ಸಂಡೇ ಸ್ಕೂಲ್, ಗಾಯನ ತಂಡ, ರೋಗಿಗಳ ಭೇಟಿ ಎಲ್ಲವೂ ನನ್ನ ಮೇಲೆಯೇ ಇದೆ. ಬೇರೆಯವರಿಗೆ ಒಪ್ಪಿಸಿದರೆ ಸೇವೆಯಿಂದ ನುಣುಚಿಕೊಂಡಂತೆ ಆಗುವುದಿಲ್ಲವೇ? ಯೇಸುಸ್ವಾಮಿಯೇ ಶಿಷ್ಯರ ಕಾಲು ತೊಳೆದರಲ್ಲವೇ?

ಉತ್ತರ: ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಆದ್ದರಿಂದ ಈ ಬಾರಿ ಬುಡದಿಂದಲೇ ನೋಡೋಣ.

ಕಾಲು ತೊಳೆದ ಕಥೆಯಿರುವ ಬೈಬಲಿನ ಯೋಹಾನ 13ನೇ ಅಧ್ಯಾಯವನ್ನು ತೋರಿಸಿ ಎಲ್ಲ ಹೊರೆಯನ್ನೂ ಒಬ್ಬರ ಹೆಗಲಿಗೇ ಹಾಕುವವರು 14ನೇ ವಚನದ ತನಕ ಓದುವುದೇ ಇಲ್ಲ. ಕಾಲು ತೊಳೆದ ಮೇಲೆ ಯೇಸು ಹೇಳಿದ್ದು, ನೀವೂ ಒಬ್ಬರ ಕಾಲನ್ನೊಬ್ಬರು ತೊಳೆಯಬೇಕು ಎಂದು. ಅಂದರೆ ಆ ಕೆಲಸವನ್ನು ಅಲ್ಲೇ ಶಿಷ್ಯರಿಗೆ ಒಪ್ಪಿಸಿಬಿಟ್ಟರು. ಯಾವ ಕೆಲಸವೂ ನಾಯಕನಿಗೆ ಕೀಳಲ್ಲ ಎಂಬುದು ಅಲ್ಲಿನ ಪಾಠ. ಎಲ್ಲ ಕೆಲಸವೂ ನಾಯಕನದೇ ಎಂದು ಅಲ್ಲಿ ಎಲ್ಲಿಯೂ ಬರೆದಿಲ್ಲ.

ಐದು ಸಾವಿರ ಗಂಡಸರಿಗೆ ಊಟ ಬಡಿಸಿದ ದಿನವನ್ನು ಮಾರ್ಕ 6ರಲ್ಲಿ ನಿಧಾನವಾಗಿ ಓದಿ. ಜನರನ್ನು ನೂರು ನೂರಾಗಿ, ಐವತ್ತು ಐವತ್ತಾಗಿ ಕೂರಿಸಲಾಯಿತು. ಯೇಸು ಸ್ತೋತ್ರಮಾಡಿ ರೊಟ್ಟಿ ಮುರಿದು ಕೊಟ್ಟರು, ಹಂಚಿದವರು ಶಿಷ್ಯರು. ಹೊತ್ತು ಆಗಲೇ ಇಳಿದಿತ್ತು. ಒಬ್ಬರೇ ಒಬ್ಬೊಬ್ಬರಿಗೆ ಹತ್ತು ಸೆಕೆಂಡಿನಂತೆ ಹಂಚಿದ್ದರೂ ಸುಮಾರು 14 ಗಂಟೆ ಬೇಕಾಗುತ್ತಿತ್ತು, ಅದೂ ಹೆಂಗಸರನ್ನೂ ಮಕ್ಕಳನ್ನೂ ಬಿಟ್ಟು! ಇನ್ನು ಯೋಹಾನ 4:2 ನೋಡಿ: ದೀಕ್ಷಾಸ್ನಾನ ಮಾಡಿಸುತ್ತಿದ್ದವರು ಯೇಸುವಲ್ಲ, ಅವರ ಶಿಷ್ಯರು. ಕಪೆರ್ನೌಮಿನಲ್ಲಿ ಎಲ್ಲರೂ ಹುಡುಕುತ್ತಿದ್ದಾರೆ ಎಂದು ಪೇತ್ರನೂ ಸಂಗಡಿಗರೂ ಬಂದು ಹೇಳಿದಾಗ ಯೇಸು ಹಿಂದಿರುಗಲಿಲ್ಲ, ಹತ್ತಿರದ ಊರುಗಳಿಗೆ ಹೊರಟರು. ಕರೆದ ಕಡೆಗೆಲ್ಲ ಹೋಗುವುದೇ ಸೇವೆ ಎನ್ನುವವರು ಮಾರ್ಕ 1:36-38ಕ್ಕೆ ಏನು ಹೇಳುತ್ತಾರೆ?

ಇಸ್ರಾಯೇಲ್ಯರ ನಾಯಕನಾಗಿದ್ದ ಮೋಶೆಗೂ ಇದೇ ಕಷ್ಟವಿತ್ತು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ. ಮಾವ ಇತ್ರೋ ಅದನ್ನು ಕಂಡು, ಇದು ಸರಿಯಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದ. ಜನರೂ ಎಂಬ ಮಾತನ್ನು ಗಮನಿಸಿ. ನೀವು ಎಲ್ಲವನ್ನೂ ಹಿಡಿದುಕೊಂಡಾಗ ಕಾಯುತ್ತ ಕೂರುವವರು ಅವರೇ. ವಿಮೋಚನಕಾಂಡ 18ರಲ್ಲಿ ಇತ್ರೋ ಕೊಟ್ಟ ಕ್ರಮ ಈಗಲೂ ಹಾಗೆಯೇ ನಡೆಯುತ್ತದೆ: ಮೊದಲು ಜನರಿಗೆ ಕಲಿಸು, ಸಮರ್ಥರೂ ದೇವಭಕ್ತರೂ ನಂಬಿಗಸ್ತರೂ ಲಂಚಮುಟ್ಟದವರೂ ಆದವರನ್ನು ಆರಿಸು, ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಅವರನ್ನು ನೇಮಿಸು, ಕಷ್ಟದ ವ್ಯಾಜ್ಯಗಳು ಮಾತ್ರ ನಿನ್ನ ಬಳಿಗೆ ಬರಲಿ.

ಹೆಚ್ಚಿನವರು ಎಡವುವುದು ಮೊದಲ ಮತ್ತು ಕೊನೆಯ ಹೆಜ್ಜೆಯಲ್ಲಿ. ಕಲಿಸದೆ ಒಪ್ಪಿಸುತ್ತಾರೆ, ಕೆಲಸ ಕೆಟ್ಟ ಮೇಲೆ "ನೋಡಿದಿರಾ, ನಾನೇ ಮಾಡಬೇಕಿತ್ತು" ಎನ್ನುತ್ತಾರೆ. ಇಲ್ಲವೇ ಕೆಲಸವನ್ನು ಕೊಟ್ಟು ತೀರ್ಮಾನವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಹಾಡು ಆರಿಸುವ ಅಧಿಕಾರವಿಲ್ಲದವರು ಗಾಯನ ತಂಡದ ಮುಖ್ಯಸ್ಥರಾಗಿ ಏನು ಮಾಡಬೇಕು? ಆದ್ದರಿಂದ ಒಪ್ಪಿಸುವಾಗ ಒಂದು ಹಾಳೆಯಲ್ಲಿ ಬರೆದುಕೊಡಿ: ಕೆಲಸ ಯಾವುದು, ಕೇಳದೆ ಎಷ್ಟು ಖರ್ಚು ಮಾಡಬಹುದು, ಯಾವ ವಿಷಯ ನಿಮ್ಮ ಬಳಿಗೆ ಬರಬೇಕು, ಎಷ್ಟು ದಿನಕ್ಕೊಮ್ಮೆ ಕೂತು ಮಾತಾಡುತ್ತೀರಿ, ಜವಾಬ್ದಾರಿ ಮುಗಿಯುವುದು ಯಾವಾಗ. ಮೊದಲ ಸಲ ಜೊತೆಗೆ ಮಾಡಿ. ಎರಡನೇ ಸಲ ಅವರು ಮಾಡಲಿ, ನೀವು ನೋಡಿ. ಮೂರನೇ ಸಲ ಅಲ್ಲಿಗೆ ಹೋಗಲೇಬೇಡಿ. ನೀವು ಎದುರಿಗಿದ್ದರೆ ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಾರೆ. ಮುಗಿಯುವ ದಿನ ಬರೆಯದಿದ್ದರೆ ಒಳ್ಳೆಯವರೂ ಒಪ್ಪಿಕೊಳ್ಳಲು ಹೆದರುತ್ತಾರೆ, ಒಂದು ವರ್ಷ ಸಾಕು.

ಯಾರನ್ನು ಆರಿಸಬೇಕು? ಅಪೊಸ್ತಲರ ಕೃತ್ಯಗಳು 6ರಲ್ಲಿ ಅಪೊಸ್ತಲರು ಏಳು ಎಂಬ ಸಂಖ್ಯೆಯನ್ನೂ ಇರಬೇಕಾದ ಗುಣಗಳನ್ನೂ ಹೇಳಿದರು, ಆರಿಸಿದ್ದು ಸಭೆ. ಅದು ದಿನದಿನದ ಆಹಾರ ಹಂಚುವ ಕೆಲಸ. ಅದರಲ್ಲಿ ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದದ್ದು ಗ್ರೀಕ್ ಮಾತಾಡುವ ವಿಧವೆಯರ ಪರವಾಗಿ. ಆರಿಸಲ್ಪಟ್ಟ ಸ್ತೆಫನ, ಫಿಲಿಪ್ಪ ಮುಂತಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ನೋವು ಗೊತ್ತಿದ್ದವರ ಕೈಗೇ ಕೆಲಸ ಹೋಯಿತು. ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಅದೇ ಮೂವರನ್ನು ಮತ್ತೆ ಮತ್ತೆ ಕರೆಯುವ ಬದಲು, ದೂರು ಹೇಳುವವರನ್ನು ಒಮ್ಮೆ ಕರೆದು ನೋಡಿ.

ಯಾರೂ ಕೇಳಿಲ್ಲ, ಆದರೂ ಹೇಳಲೇಬೇಕು: ಕಾಣಿಕೆ ಹಣವನ್ನು ಯಾರೊಬ್ಬರಿಗೂ ಒಂಟಿಯಾಗಿ ಒಪ್ಪಿಸಬೇಡಿ, ನೀವೂ ಒಬ್ಬರೇ ಮುಟ್ಟಬೇಡಿ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಂಗ್ರಹಿಸುತ್ತಿದ್ದ ಹಣದ ಕೆಲಸಕ್ಕೆ ಅಪೊಸ್ತಲ ಪೌಲನು ತನ್ನ ಜೊತೆಗಾರ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳುಹಿಸಿದ. ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಯಾರೂ ತಪ್ಪು ಹೊರಿಸದಿರಲಿ ಎಂದೇ ಹೀಗೆ ಮಾಡಿದೆವು ಎಂದು 2 ಕೊರಿಂಥ 8ರಲ್ಲಿ ಬರೆದಿದ್ದಾನೆ. ಪೌಲನಂಥವನಿಗೇ ಈ ಎಚ್ಚರ ಬೇಕಿದ್ದರೆ "ನಮ್ಮಲ್ಲಿ ಎಲ್ಲರೂ ನಂಬಿಗಸ್ತರು" ಎಂಬ ಮಾತಿಗೆ ಬೆಲೆಯಿಲ್ಲ. ಸಂಬಂಧಿಕರಲ್ಲದ ಇಬ್ಬರು ಒಟ್ಟಿಗೆ ಎಣಿಸಲಿ, ಕೋಣೆ ಬಿಡುವ ಮೊದಲೇ ಮೊತ್ತ ಬರೆದು ಇಬ್ಬರೂ ಸಹಿ ಹಾಕಲಿ. ಲೆಕ್ಕ ಬರೆಯುವವರು ಎಣಿಸುವವರಲ್ಲಿ ಒಬ್ಬರಾಗಿರಬಾರದು. ಬ್ಯಾಂಕಿನ ರಸೀದಿಯನ್ನು ಸಹಿ ಹಾಕಿದ ಚೀಟಿಯೊಂದಿಗೆ ತಾಳೆ ನೋಡುವ ಕೆಲಸವನ್ನು ಬೇರೊಬ್ಬರಿಗೆ ಕೊಡಿ.