ಮಂಗಳನ ಮೇಲೆ ಮಗುವಿನ ಮೂಳೆ

ಮಲ್ಪೆಯ ಮೀನುಗಾರರೊಬ್ಬರ ಕಾಲಿನ ಪ್ಲಾಸ್ಟರ್ ತೆಗೆದೆ. ಹಾಕಿ ಆರು ವಾರವಾಗಿತ್ತು. ಮೀನಖಂಡ ಇಳಿದು ಹೋಗಿತ್ತು. "ಇದು ನನ್ನ ಕಾಲೇನಾ ಡಾಕ್ಟ್ರೇ?" ಅಂತ ಅವರು ಗಾಬರಿಯಾದರು. ಜೊತೆಗೆ ಬಂದಿದ್ದ ಮಗಳು ಒಂಬತ್ತನೇ ಕ್ಲಾಸು. ಆ ಕಾಲನ್ನೇ ನೋಡುತ್ತಾ, "ಮಂಗಳ ಗ್ರಹಕ್ಕೆ ಹೋದವರಿಗೂ ಹೀಗೇ ಆಗ್ತದಾ?" ಅಂತ ಕೇಳಿದಳು.

ಎಂಥ ಒಳ್ಳೆಯ ಪ್ರಶ್ನೆ! ಹೌದು, ಆಗುತ್ತದೆ.

ಮೂಳೆ ಕಲ್ಲಲ್ಲ. ಅದರೊಳಗೆ ಹಳೆಯದನ್ನು ಒಡೆಯುವುದು, ಹೊಸದನ್ನು ಕಟ್ಟುವುದು ದಿನವೂ ನಡೆದೇ ಇರುತ್ತದೆ. ಎಲ್ಲಿ ಎಷ್ಟು ಕಟ್ಟಬೇಕು ಅನ್ನುವುದನ್ನು ಅದರ ಮೇಲೆ ಬೀಳುವ ಭಾರ ಹೇಳಿಕೊಡುತ್ತದೆ. ಧೀಂಗಿಣ ಹಾಕುವ ಯಕ್ಷಗಾನ ಕಲಾವಿದನ ಕಾಲಿಗೆ ಆ ಸುದ್ದಿ ಕುಣಿದಷ್ಟು ಹೊತ್ತೂ ಮುಟ್ಟುತ್ತಿರುತ್ತದೆ. ಬಾಹ್ಯಾಕಾಶದಲ್ಲಿ ತೇಲುವವರ ಕಾಲಿಗೆ ಮುಟ್ಟುವುದೇ ಇಲ್ಲ. ಕಟ್ಟುವುದು ಹಿಂದೆ ಬೀಳುತ್ತದೆ, ಒಡೆಯುವುದು ಮಾತ್ರ ನಿಲ್ಲುವುದಿಲ್ಲ. ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುತ್ತದೆ. ಇಲ್ಲಿ ವಯಸ್ಸಾದವರಿಗೆ ಅಷ್ಟು ಸವೆಯಲು ಒಂದು ವರ್ಷವೇ ಬೇಕು. ಕರಗಿದ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುವುದರಿಂದ ಕಿಡ್ನಿ ಕಲ್ಲಿನ ಭಯ ಬೇರೆ.

ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು ಇದಕ್ಕಾಗಿಯೇ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ಆದರೂ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 17 ಗಗನಯಾತ್ರಿಗಳ ಪೈಕಿ 9 ಮಂದಿಗೆ ಭೂಮಿಗೆ ಬಂದು ವರ್ಷವಾದರೂ ಮೊಣಕಾಲಿನ ಕೆಳಗಿನ ಮೂಳೆ ಮೊದಲಿನಂತೆ ಆಗಿರಲಿಲ್ಲ.

ಮಂಗಳನಿಗೆ ಹೋಗಲು ಆರರಿಂದ ಒಂಬತ್ತು ತಿಂಗಳು ಬೇಕು. ಇಳಿದ ಮೇಲೆ ಭಾರ ಇಲ್ಲಿನದರ ಶೇ. 38 ಮಾತ್ರ. 50 ಕೆಜಿ ಕುಚ್ಚಲಕ್ಕಿ ಮೂಟೆ ಎತ್ತಿದರೆ 19 ಕೆಜಿ ಎತ್ತಿದ ಹಾಗೆ. ಕೇಳಲು ಸುಖ ಅಲ್ವಾ? ನನಗೆ ಭಯವಾಗುವುದು ಅಲ್ಲೇ. ಮೂಳೆಗೆ ಅಷ್ಟು ಭಾರ ಸಾಕಾ ಅಂತ ಮನುಷ್ಯರ ಮೇಲೆ ಪರೀಕ್ಷೆಯೇ ನಡೆದಿಲ್ಲ. ಹೀಗೆ ಭಾರ ಕಡಿಮೆ ಇರುವ ಚಂದ್ರನ ಮೇಲೆ ಎಲ್ಲರಿಗಿಂತ ಜಾಸ್ತಿ ಹೊತ್ತು ಇದ್ದವರು 1972ರ ಅಪೊಲೊ 17 ಯಾನದ ಇಬ್ಬರು. ಅದೂ ಮೂರು ದಿನ ಚಿಲ್ಲರೆ.

ವಿಕಿರಣ, ತೆಳು ಗಾಳಿ, ಚಳಿ ಇವೂ ದೊಡ್ಡ ಸಮಸ್ಯೆಗಳೇ. ದಪ್ಪ ಗೋಡೆ ಕಟ್ಟಿಯೋ ಆಮ್ಲಜನಕ ತಯಾರಿಸಿಯೋ ಒಂದು ಮಟ್ಟಿಗೆ ನಿಭಾಯಿಸಬಹುದು. ದೊಡ್ಡವರು ಹಟ ಹಿಡಿದು ವ್ಯಾಯಾಮವನ್ನೂ ಮಾಡಿಯಾರು. ಆದರೆ ಅಲ್ಲೇ ಹುಟ್ಟುವ ಮಗು? ಎದ್ದು ಬಿದ್ದು ನಡೆಯುತ್ತಲೇ ಮಗುವಿನ ಮೂಳೆ ಗಟ್ಟಿಯಾಗುವುದು. ಮುಂದೆ ಎಂದಾದರೂ ಭೂಮಿಗೆ ಬಂದರೆ ತನ್ನ ಮೈಭಾರವನ್ನೇ ಅದು ಹೊರಬಲ್ಲದಾ? ಇದಕ್ಕೆ ಉತ್ತರ ಸಿಗುವ ತನಕ ಸಂಶೋಧಕರು ಹೋಗಿ ಬರಲಿ, ಸಂಸಾರ ಹೂಡುವುದು ಬೇಡ ಅನ್ನುವವ ನಾನು.

ಹಾಗಂತ ಈ ಪ್ರಯತ್ನ ದಂಡವಲ್ಲ. ನಾವು ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಗಗನಯಾತ್ರಿಗಳ ಮೇಲೂ ಪರೀಕ್ಷಿಸಿದ್ದಾರೆ. ವ್ಯಾಯಾಮದ ಜೊತೆ ಅದನ್ನು ತೆಗೆದುಕೊಂಡವರ ಮೂಳೆ ಚೆನ್ನಾಗಿ ಉಳಿಯಿತು. ಬಾಹ್ಯಾಕಾಶ ಸಂಶೋಧನೆಗಾಗಿ ಆರೋಗ್ಯವಂತರು ತಲೆಯನ್ನು 6 ಡಿಗ್ರಿ ತಗ್ಗಿಸಿಕೊಂಡು ವಾರಗಟ್ಟಲೆ ಮಲಗಿದ್ದಾರೆ. ಸುಮ್ನೆ ಮಲಗಿದರೆ ಮೈಗೆ ಏನಾಗುತ್ತದೆ ಅಂತ ಅವರಿಂದ ನಾವು ತುಂಬ ಕಲಿತಿದ್ದೇವೆ. ಸೊಂಟ ಮುರಿದ ಅಜ್ಜಿಯನ್ನು ಆಪರೇಷನ್ ಆದ ಮರುದಿನವೇ ಎಬ್ಬಿಸಲು ಹೋದರೆ, "ಪಾಪ, ಮಲಗಲಿ ಡಾಕ್ಟ್ರೇ" ಅಂತಾರೆ ಮನೆಯವರು. ಆಗ ಅವರಿಗೆ ಈ ಕಥೆ ಹೇಳುತ್ತೇನೆ.

ಆ ಹುಡುಗಿಗೂ ಇಷ್ಟನ್ನೇ ಹೇಳಿದೆ. ಆಮೇಲೆ ಅವಳ ಅಪ್ಪನಿಗೆ ವಾಕರ್ ಹಿಡಿಸಿ ನಿಲ್ಲಿಸಿದೆ. ಅವರು ಹೆದರಿ ಕಾಲನ್ನು ಮೇಲೆಯೇ ಹಿಡಿದಿದ್ದರು. "ಭಾರ ಹಾಕಿ ಅಪ್ಪ, ಭಾರ ಹಾಕಿ" ಅಂದಳು ಮಗಳು.