ನಾಡಿಲ್ಲದೆ ಹೋರಾಡಿದ ಟ್ಯಾಂಕು ಪಡೆ: ಪೋಲೆಂಡಿನ ಮೊದಲ ಆರ್ಮರ್ಡ್ ಡಿವಿಷನ್

ಎರಡನೆಯ ಮಹಾಯುದ್ಧದ ಪಶ್ಚಿಮ ರಂಗವನ್ನು ಓದುವಾಗ ಪೋಲೆಂಡಿನ ಮೊದಲ ಆರ್ಮರ್ಡ್ ಡಿವಿಷನ್ನಿನ (ಟ್ಯಾಂಕುಗಳೇ ಪ್ರಧಾನವಾದ ದೊಡ್ಡ ಸೇನಾಘಟಕ) ಹೆಸರು ಸಾಮಾನ್ಯವಾಗಿ ಕೆನಡಾ ಸೇನೆಯ ಅಧ್ಯಾಯದಲ್ಲಿ ಒಂದೆರಡು ಸಾಲುಗಳಲ್ಲಿ ಬಂದು ಹೋಗುತ್ತದೆ. ಅದು ಗೆದ್ದ ಊರುಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಪ್ರಶ್ನೆಯನ್ನು ಹಿಡಿದು ಓದುವುದು ಹೆಚ್ಚು ಉಪಯುಕ್ತ: ಇಡೀ ದೇಶವೇ ಶತ್ರುವಿನ ವಶದಲ್ಲಿರುವಾಗ ಒಂದು ಸೇನೆಗೆ ಸೈನಿಕರು ಎಲ್ಲಿಂದ ಬರಬೇಕು? ಬ್ರಿಟನ್ನಿನ ಪಡೆಯಲ್ಲಿ ಒಬ್ಬ ಸತ್ತರೆ ಅವನ ಜಾಗಕ್ಕೆ ತರಬೇತಿ ಪಡೆದ ಇನ್ನೊಬ್ಬ ಊರಿನಿಂದ ಬರುತ್ತಿದ್ದ. ಪೋಲರಿಗೆ ಆ ದಾರಿ 1939ರಲ್ಲೇ ಮುಚ್ಚಿಹೋಗಿತ್ತು.

ಈ ಪಡೆಯ ಮೂಲ, ಸ್ತಾನಿಸ್ವಾಫ್ ಮಾಚೆಕ್ ಅವರ ನೇತೃತ್ವದಲ್ಲಿದ್ದ 10ನೆಯ ಮೋಟಾರು ಅಶ್ವದಳ ಬ್ರಿಗೇಡ್. 1939ರ ಸೆಪ್ಟೆಂಬರ್ 1ರಂದು ಜರ್ಮನಿ ದಾಳಿ ಮಾಡಿದಾಗ ಈ ಬ್ರಿಗೇಡ್ ದಕ್ಷಿಣ ಪೋಲೆಂಡಿನಲ್ಲಿ ಹಿಂದೆ ಸರಿಯುತ್ತಲೇ ಹೋರಾಡಿತು. ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೇನೆಯೂ ಒಳನುಗ್ಗಿದ ಮೇಲೆ, ಮೇಲಿನ ಆದೇಶದಂತೆ ಅದು ಹಂಗೆರಿಯ ಗಡಿಯನ್ನು ದಾಟಿತು. ಅಲ್ಲಿಂದ ಹಲವರು ಫ್ರಾನ್ಸಿಗೆ ತಲುಪಿ ಮತ್ತೆ ಸಂಘಟಿತರಾದರು. 1940ರ ಜೂನ್‌ನಲ್ಲಿ ಬರ್ಗಂಡಿಯ ಮೋಂಬಾರ್ ಪಟ್ಟಣವನ್ನು ಅವರು ರಾತ್ರಿ ದಾಳಿಯಲ್ಲಿ ಹಿಡಿದರಾದರೂ, ಇಂಧನ ಮುಗಿದು ಫ್ರೆಂಚ್ ಸೇನೆಯೂ ಕುಸಿದಿದ್ದರಿಂದ ತಮ್ಮ ಟ್ಯಾಂಕುಗಳನ್ನು ತಾವೇ ನಾಶಮಾಡಿ ಸಣ್ಣ ಗುಂಪುಗಳಾಗಿ ಚದುರಬೇಕಾಯಿತು. ಮಾಚೆಕ್ ಉತ್ತರ ಆಫ್ರಿಕಾ ಮತ್ತು ಪೋರ್ಚುಗಲ್ ಬಳಸಿ ಬ್ರಿಟನ್ ಸೇರಿದರು. ಒಂದು ವರ್ಷದೊಳಗೆ ಎರಡು ಬಾರಿ ಸೇನೆ ಕಳೆದುಕೊಂಡವರು ಮೂರನೆಯ ಬಾರಿ ಸ್ಕಾಟ್ಲೆಂಡಿನಲ್ಲಿ ಒಟ್ಟುಗೂಡಿದರು. 1942ರ ಫೆಬ್ರವರಿಯಲ್ಲಿ ಅಲ್ಲಿಯೇ ಮಾಚೆಕ್ ಅವರ ನೇತೃತ್ವದಲ್ಲಿ ಡಿವಿಷನ್ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ಮುಂದೆ ಅದರಲ್ಲಿ ಸುಮಾರು 16,000 ಸೈನಿಕರಿದ್ದರು. ಟ್ಯಾಂಕು ರೆಜಿಮೆಂಟುಗಳ ಬಳಿ ಅಮೆರಿಕದ ಶರ್ಮನ್ ಟ್ಯಾಂಕುಗಳಿದ್ದವು, ಮುಂಚೂಣಿಯ ಶೋಧದಳದ ಬಳಿ ಬ್ರಿಟನ್ನಿನ ಕ್ರಾಮ್‌ವೆಲ್ ಟ್ಯಾಂಕುಗಳಿದ್ದವು.

1944ರ ಆಗಸ್ಟ್ ತಿಂಗಳನ್ನು ಮಾತ್ರ ನಿಧಾನವಾಗಿ ಓದಬೇಕು. ಡಿವಿಷನ್ ನಾರ್ಮಂಡಿಯಲ್ಲಿ ಇಳಿಯುತ್ತಿದ್ದ ದಿನಗಳಲ್ಲೇ, ಆಗಸ್ಟ್ 1ರಂದು, ವಾರ್ಸಾದಲ್ಲಿ ಜರ್ಮನರ ವಿರುದ್ಧ ದಂಗೆ ಆರಂಭವಾಯಿತು. ತಮ್ಮ ರಾಜಧಾನಿ ಉರಿಯುತ್ತಿದೆ ಎಂದು ತಿಳಿದೂ ಈ ಸೈನಿಕರು ಫ್ರಾನ್ಸಿನಲ್ಲಿ ಹೋರಾಡಬೇಕಿತ್ತು. ಕೆನಡಾದ ಮೊದಲ ಸೇನೆಯ ಅಧೀನದಲ್ಲಿದ್ದ ಅವರ ಮೊದಲ ಕಾಳಗ ಆಗಸ್ಟ್ 8ರಂದು ನಡೆಯಿತು; ಅಂದು ಅಮೆರಿಕದ ವಿಮಾನಗಳು ಹಾಕಿದ ಬಾಂಬುಗಳಲ್ಲಿ ಕೆಲವು ತಪ್ಪಿ ಪೋಲಿಷ್ ಮತ್ತು ಕೆನಡಾ ಸೈನಿಕರ ಮೇಲೆಯೇ ಬಿದ್ದವು. ಹತ್ತು ದಿನಗಳ ಬಳಿಕ, ಫಾಲೇಸ್ ಬಳಿ ಸುತ್ತುವರಿಯಲ್ಪಟ್ಟ ಜರ್ಮನ್ ಸೇನೆ ತಪ್ಪಿಸಿಕೊಳ್ಳಲು ಉಳಿದಿದ್ದ ಕಿರಿದಾದ ಕಿಂಡಿಯನ್ನು ಮುಚ್ಚುವ ಕೆಲಸ ಈ ಡಿವಿಷನ್ನಿನ ಪಾಲಿಗೆ ಬಂತು. ಒಂದು ತುಕಡಿ ಶಾಂಬ್ವಾದಲ್ಲಿ ಅಮೆರಿಕನ್ನರನ್ನು ಸಂಧಿಸಿತು. ಸುಮಾರು 1,500 ಸೈನಿಕರು ಮತ್ತು 80 ಟ್ಯಾಂಕುಗಳ ಇನ್ನೊಂದು ಭಾಗ ಮೋಂತ್ ಒರ್ಮೆಲ್‌ನ 262 ಮೀಟರ್ ಎತ್ತರದ ಗುಡ್ಡವನ್ನು ಹಿಡಿಯಿತು. ಗುಡ್ಡದ ಮಹತ್ವ ಅದರ ಸ್ಥಾನದಲ್ಲಿದೆ: ಹಿಂದೆಗೆಯುವ ದಾರಿ ಅದರ ಕಣ್ಣಳತೆಯಲ್ಲೇ ಸಾಗುತ್ತಿತ್ತು. ಆದುದರಿಂದ ಒಳಗೆ ಸಿಕ್ಕಿಬಿದ್ದಿದ್ದ ಜರ್ಮನರು ಒಂದು ಕಡೆಯಿಂದಲೂ, ಅವರನ್ನು ಬಿಡಿಸಲು ಹೊರಗಿನಿಂದ ಬಂದ ಎಸ್‌ಎಸ್ (ನಾಜಿ ಪಕ್ಷದ ಸಶಸ್ತ್ರ ದಳ) ಟ್ಯಾಂಕುಪಡೆ ಮತ್ತೊಂದು ಕಡೆಯಿಂದಲೂ ದಾಳಿ ಮಾಡಿದಾಗ, ಸುತ್ತುವರಿಯಲು ಹೋದವರೇ ಸುತ್ತುವರಿಯಲ್ಪಟ್ಟರು. ಮದ್ದುಗುಂಡು ತೀರುತ್ತಿತ್ತು, ಗಾಯಾಳುಗಳನ್ನು ಸಾಗಿಸಲು ದಾರಿಯಿರಲಿಲ್ಲ, ಸೆರೆಸಿಕ್ಕ ನೂರಾರು ಜರ್ಮನರನ್ನೂ ಅಲ್ಲಿಯೇ ಕಾಯಬೇಕಿತ್ತು. ಆಗಸ್ಟ್ 21ರಂದು ಕೆನಡಾದ ಪಡೆ ಬಂದು ತಲುಪುವ ಹೊತ್ತಿಗೆ ಗುಡ್ಡದ ಮೇಲಿದ್ದವರಲ್ಲಿ ಸುಮಾರು 350 ಮಂದಿ ಸತ್ತಿದ್ದರು ಅಥವಾ ಗಾಯಗೊಂಡಿದ್ದರು.

ಮೊದಲಿನ ಪ್ರಶ್ನೆ ಇಲ್ಲಿ ತೀವ್ರವಾಗುತ್ತದೆ. ಖಾಲಿಯಾದ ಜಾಗಗಳನ್ನು ತುಂಬಿದವರಲ್ಲಿ ಬಹಳಷ್ಟು ಮಂದಿ ಜರ್ಮನ್ ಸಮವಸ್ತ್ರದಲ್ಲಿ ಸೆರೆಸಿಕ್ಕಿದ್ದ ಪೋಲರು! ಜರ್ಮನಿ ತನ್ನೊಳಗೆ ಸೇರಿಸಿಕೊಂಡಿದ್ದ ಸೈಲೀಸಿಯಾ, ಪೊಮೆರೇನಿಯಾದಂಥ ಪ್ರದೇಶಗಳ ಪೋಲಿಷ್ ಯುವಕರನ್ನು ಕಡ್ಡಾಯವಾಗಿ ಸೇನೆಗೆ ಎಳೆದೊಯ್ದಿತ್ತು. ಇಂಥವರು ಮಿತ್ರಪಡೆಗಳಿಗೆ ಶರಣಾಗಿಯೋ ಸೆರೆಯಾಗಿಯೋ ಬಂದು, ಪಶ್ಚಿಮದ ಪೋಲಿಷ್ ಪಡೆಗಳಿಗೆ ಹತ್ತಾರು ಸಾವಿರ ಸಂಖ್ಯೆಯಲ್ಲಿ ಸೇರಿದರು. ಮತ್ತೆ ಸೆರೆಸಿಕ್ಕರೆ ಜರ್ಮನರು ತಮ್ಮನ್ನು ದ್ರೋಹಿಗಳೆಂದು ಕೊಲ್ಲಬಹುದು, ಊರಿನಲ್ಲಿರುವ ಕುಟುಂಬಕ್ಕೂ ಆಪತ್ತು ಬರಬಹುದು ಎಂಬ ಅರಿವಿನಲ್ಲಿಯೇ ಅವರು ಹೋರಾಡಿದರು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತ್ಯಂತ ಗಮನಾರ್ಹ ಅಂಶ ಇದೇ, ಆದರೆ ಪಠ್ಯಗಳಲ್ಲಿ ಅದಕ್ಕೆ ಸಿಗುವ ಸ್ಥಳ ತೀರ ಕಡಿಮೆ.

ಮುಂದಿನ ಘಟ್ಟಗಳನ್ನು ಚಿಕ್ಕದಾಗಿ ಹೇಳಬಹುದು. ಬೆಲ್ಜಿಯಂ ದಾಟಿ ಬಂದ ಡಿವಿಷನ್ 1944ರ ಅಕ್ಟೋಬರ್ 29ರಂದು ನೆದರ್ಲೆಂಡ್ಸಿನ ಬ್ರೆಡಾ ನಗರವನ್ನು, ಅದನ್ನು ಫಿರಂಗಿಗಳಿಂದ ಪುಡಿಮಾಡದೆ, ಪಕ್ಕದಿಂದ ಬಳಸಿ ಬಂದು ಬಿಡಿಸಿತು. 1945ರ ಏಪ್ರಿಲ್ 12ರಂದು ಜರ್ಮನಿಯ ಓಬರ್‌ಲಾಂಗೆನ್ ಶಿಬಿರವನ್ನು ತಲುಪಿದಾಗ, ವಾರ್ಸಾ ದಂಗೆಯಲ್ಲಿ ಹೋರಾಡಿ ಸೆರೆಯಾಗಿದ್ದ 1,700ಕ್ಕೂ ಹೆಚ್ಚು ಪೋಲಿಷ್ ಮಹಿಳೆಯರು ಅಲ್ಲಿದ್ದರು. ಮೇ ಮೊದಲ ವಾರದಲ್ಲಿ ವಿಲ್ಹೆಲ್ಮ್ಸ್‌ಹಾಫೆನ್ ನೌಕಾನೆಲೆ ಈ ಡಿವಿಷನ್ನಿಗೆ ಶರಣಾಯಿತು.

ಆದರೆ 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಸೇರಿದ ಮೂರು ದೊಡ್ಡ ರಾಷ್ಟ್ರಗಳು (ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ), ಪೂರ್ವ ಪೋಲೆಂಡ್ ಸೋವಿಯತ್ ಒಕ್ಕೂಟಕ್ಕೆ ಸೇರಬೇಕೆಂದು ಒಪ್ಪಿಕೊಂಡಿದ್ದವು. ಮಾಚೆಕ್ ಹುಟ್ಟಿದ್ದು ಲ್ವುಫ್ ನಗರದ ಬಳಿ. ಆ ನೆಲವೇ ಈಗ ಪೋಲೆಂಡಿನದಾಗಿರಲಿಲ್ಲ. 1946ರಲ್ಲಿ ವಾರ್ಸಾದ ಕಮ್ಯುನಿಸ್ಟ್ ಸರ್ಕಾರ ಅವರ ಪೌರತ್ವವನ್ನೂ ಕಿತ್ತುಕೊಂಡಿತು. 1947ರಲ್ಲಿ ಡಿವಿಷನ್ ವಿಸರ್ಜನೆಯಾಯಿತು. ಬ್ರಿಟನ್ನಿನಿಂದ ಸೇನಾ ಪಿಂಚಣಿ ದೊರೆಯದ ಕಾರಣ ಮಾಚೆಕ್ ಎಡಿನ್‌ಬರೋದ ಹೋಟೆಲೊಂದರ ಬಾರಿನಲ್ಲಿ ಕೆಲಸ ಮಾಡಿ ಸಂಸಾರ ಸಾಗಿಸಿದರು. 1994ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರನ್ನು ಅವರ ಸೈನಿಕರಿರುವ ಬ್ರೆಡಾದ ಸ್ಮಶಾನದಲ್ಲೇ ಸಮಾಧಿ ಮಾಡಲಾಯಿತು.

ಇಟಲಿಯಲ್ಲಿ ಹೋರಾಡಿದ ಪೋಲೆಂಡಿನ 2ನೆಯ ಕೋರ್ (ಹಲವು ಡಿವಿಷನ್ನುಗಳು ಸೇರಿದ ಪಡೆ) ಮತ್ತು ಅದರ 2ನೆಯ ಆರ್ಮರ್ಡ್ ಬ್ರಿಗೇಡನ್ನು ಈ ಡಿವಿಷನ್ನಿನೊಂದಿಗೆ ಬೆರೆಸಬಾರದು. ಆ ಕೋರ್‌ನ ಬಹುಪಾಲು ಸೈನಿಕರು ಸೋವಿಯತ್ ಶಿಬಿರಗಳಿಂದ ಬಿಡುಗಡೆಯಾಗಿ, ತಮ್ಮ ಸೇನಾಪತಿ ಜನರಲ್ ಆಂಡರ್ಸ್ ಅವರೊಂದಿಗೆ 1942ರಲ್ಲಿ ಇರಾನಿಗೆ ಬಂದವರು. ಅವರೊಂದಿಗೆ ಹೊರಬಂದ ಮಹಿಳೆಯರು ಮತ್ತು ಮಕ್ಕಳಲ್ಲಿ ಸಾವಿರಾರು ಮಂದಿ 1943ರಿಂದ 1948ರವರೆಗೆ ನಮ್ಮ ಬೆಳಗಾವಿಗೆ ದೂರವಲ್ಲದ ಕೊಲ್ಹಾಪುರದ ವಳಿವಡೆ ಶಿಬಿರದಲ್ಲಿ ನೆಲೆಸಿದ್ದರು.