ಅಪ್ಪ ಸೈನ್ ಹಾಕಿದರೆ ಮುಗೀತಾ?

ಪ್ರಶ್ನೆ: ನಮ್ಮದು ಮಾಲೂರು ಹತ್ತಿರದ ಹಳ್ಳಿ. ತಂಗಿ ಮಗನಿಗೆ 16 ವರ್ಷ. ಎರಡು ತಿಂಗಳಿಂದ ನಿದ್ದೆ ಇಲ್ಲ, ಕಿವಿಯಲ್ಲಿ ಯಾರೋ ಮಾತಾಡ್ತಾರೆ ಅಂತಾನೆ. ಆಸ್ಪತ್ರೆಗೆ ಬರಲ್ಲ ಅಂತ ಹಟ. ‘ಅಪ್ಪ ಸೈನ್ ಹಾಕಿದ್ರೆ ಸಾಕು, ಹುಡುಗನ್ನ ಕೇಳೋದೇನಿದೆ’ ಅಂತಾರೆ ಭಾವ. ನಿಜವಾ ಮೇಡಂ?

ಅರ್ಧ ನಿಜ. 18 ತುಂಬದವರ ಪರವಾಗಿ ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಪೋಷಕರೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರನ್ನು ‘ನಾಮನಿರ್ದೇಶಿತ ಪ್ರತಿನಿಧಿ’ ಎಂದು ಕರೆಯುತ್ತದೆ. ಆದರೆ ನಿಮ್ಮ ಭಾವ ಹಾಕುವ ಸೈನು ಬರೀ ಅರ್ಜಿ. ಅಡ್ಮಿಟ್ ಮಾಡಬೇಕೇ ಎಂದು ಹೇಳಬೇಕಾದವರು ಇಬ್ಬರು, ಅವರಲ್ಲಿ ಒಬ್ಬರಂತೂ ಮನೋವೈದ್ಯರೇ ಆಗಿರಬೇಕು. ಸೇರಿಸುವ ದಿನ ಅಥವಾ ಅದರ ಹಿಂದಿನ ಏಳು ದಿನದೊಳಗೆ ಇಬ್ಬರೂ ಬೇರೆಬೇರೆಯಾಗಿ ಹುಡುಗನನ್ನು ನೋಡಿರಬೇಕು. ಕಾಯಿಲೆ ತೀವ್ರವಾಗಿದೆ, ಮನೆಯಲ್ಲಿಟ್ಟು ಮಾತ್ರೆ ಕೊಡುವಂಥ ದಾರಿಗಳು ಫಲಿಸಿಲ್ಲ ಇಲ್ಲವೇ ಈ ಹುಡುಗನಿಗೆ ಹೊಂದುವುದಿಲ್ಲ ಎಂದು ಇಬ್ಬರಿಗೂ ಅನ್ನಿಸಬೇಕು. ಹುಡುಗ ಏನು ಬಯಸುತ್ತಾನೆ ಅನ್ನುವುದನ್ನೂ ಅವರು ಗಮನಕ್ಕೆ ತಂದುಕೊಳ್ಳಬೇಕು.

ಹಾಗಾಗಿ ‘ಬರಲ್ಲ’ ಅನ್ನುವ ಮಾತನ್ನು ಹಟ ಅಂತ ತಳ್ಳಬೇಡಿ. ಯಾಕೆ ಬರಲ್ಲ ಅಂತ ಕೇಳಿ. ಕೇಳಿದರೆ ಎಷ್ಟೋ ಮಕ್ಕಳ ಬಾಯಲ್ಲಿ ಬರುವುದು ಒಂದೇ: ‘ಕರೆಂಟ್ ಕೊಡ್ತಾರೆ.’ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯನ್ನು ಮೊದಲೇ ಪಡೆಯದೆ ಆ ಚಿಕಿತ್ಸೆಯನ್ನು 18ರೊಳಗಿನವರಿಗೆ ಕೊಡುವಂತಿಲ್ಲ. ಅರಿವಳಿಕೆ ಇಲ್ಲದೆ ಯಾರಿಗೂ ಕೊಡುವಂತಿಲ್ಲ. ಇದನ್ನು ಹುಡುಗನಿಗೇ ಹೇಳಿ. ಸರಪಳಿ, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ಎರಡೂ ನಿಷಿದ್ಧ.

ವಾರ್ಡು ದೊಡ್ಡವರದ್ದೇ ಆಗಿದ್ದರೆ ಒಪ್ಪಬೇಡಿ, ಮಕ್ಕಳಿಗೆ ಬೇರೆ ಜಾಗ ಇರಬೇಕು. ಅಲ್ಲಿರುವಷ್ಟು ದಿನವೂ ಮನೆಯವರೊಬ್ಬರು ಜೊತೆಗಿರಬೇಕು. ಹುಡುಗಿಯಾಗಿದ್ದು ಜೊತೆಗಿರುವವರು ಗಂಡಸಾದರೆ, ಒಬ್ಬ ಹೆಂಗಸೂ ಇರಲೇಬೇಕು. ನಿಮ್ಮ ಕಡೆ ಸುಗ್ಗಿ ನಡೆಯುತ್ತಿದ್ದರೆ ಯಾರು ಕೂರುತ್ತಾರೆ ಅನ್ನುವುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ. ನಾನು ನೋಡಿದ ಜಗಳಗಳಲ್ಲಿ ಕಾನೂನಿನದ್ದಕ್ಕಿಂತ ಇದೇ ಜಾಸ್ತಿ.

ಸೇರಿಸಿದ 72 ಗಂಟೆಯೊಳಗೆ ಆಸ್ಪತ್ರೆಯವರು ಆ ಮಂಡಳಿಗೆ ತಿಳಿಸಬೇಕು. ಮಂಡಳಿಯವರು ಬಂದು ಹುಡುಗನನ್ನೇ ಮಾತಾಡಿಸಬಹುದು, ಕೇಸ್ ಶೀಟು ತರಿಸಿಕೊಳ್ಳಬಹುದು. 30 ದಿನ ದಾಟಿದರೆ ಮತ್ತೆ ತಿಳಿಸಬೇಕು, ಆಗ ಏಳು ದಿನದೊಳಗೆ ಪರಿಶೀಲನೆ ಕಡ್ಡಾಯ, ಆಮೇಲೆ ಪ್ರತಿ 30 ದಿನಕ್ಕೊಮ್ಮೆ. ನಡುವೆ ಭಾವನಿಗೇ ‘ಸಾಕು’ ಅನ್ನಿಸಿದರೆ ಹುಡುಗನನ್ನು ಬಿಟ್ಟುಕೊಡಬೇಕು.

ಇನ್ನೊಂದು ಮಾತು. ವ್ಯಸನಮುಕ್ತಿ ಕೇಂದ್ರಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆ. ಒಂದು ಕೇಂದ್ರದ ಅಂಗಳದಲ್ಲಿ ಏಳೆಂಟು ಹುಡುಗರು ಒಂದೇ ಬಣ್ಣದ ಟೀಶರ್ಟಿನಲ್ಲಿ, ಎಲ್ಲರ ತಲೆಯೂ ನುಣ್ಣಗೆ. ಅದರಲ್ಲೊಬ್ಬ ಕೈಯಿಂದ ತಲೆ ಮುಚ್ಚಿಕೊಂಡೇ ನನ್ನ ಜೊತೆ ಮಾತಾಡಿದ. ‘ಶಿಸ್ತು ಮೇಡಂ’ ಅಂದರು ನೋಡಿಕೊಳ್ಳುವವರು. ಬಲವಂತವಾಗಿ ತಲೆ ಬೋಳಿಸುವುದು, ಯೂನಿಫಾರಂ ಹಾಕಿಸುವುದು ಎರಡನ್ನೂ ಕಾಯ್ದೆ ಹೆಸರೆತ್ತಿಯೇ ತಡೆದಿದೆ. ಫೋನ್ ಮಾಡುವ ಹಕ್ಕೂ ಅಲ್ಲಿರುವವರಿಗೆ ಉಂಟು, ಸಮಯದ ನಿಯಮ ಇಟ್ಟುಕೊಳ್ಳಬಹುದು ಅಷ್ಟೇ.

ಇದರಲ್ಲಿ ಯಾವುದು ತಪ್ಪಿದರೂ ಮಂಡಳಿಗೆ ದೂರು ಕೊಡಿ. ಬರೆಯಲು ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ, ಮಕ್ಕಳಿಗೆ ಆದಾಯ ಪತ್ರ ಕೇಳುವುದಿಲ್ಲ. ಆದರೆ ಸದ್ಯಕ್ಕೆ ಭಾವನ ಸೈನು, ಅಡ್ಮಿಷನ್ನು ಎಲ್ಲಾ ಪಕ್ಕಕ್ಕಿರಲಿ. ಇವತ್ತು ಸಂಜೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಹುಡುಗ ಒಪ್ಪಿದರೆ ಫೋನು ಅವನ ಕೈಗೇ ಕೊಟ್ಟು ನೀವು ಆಚೆ ಬನ್ನಿ.